ಹಿತ್ತಲಿಗೆ ಯಾವ ಮಾವು, ಕುಂಡಕ್ಕೆ ಯಾವ ಮೆಣಸಿನಕಾಯಿ

ನರ್ಸರಿಗೆ ಹೋಗುವ ಮುಂಚೆ ಗಿಡ ನೆಡಬೇಕೆಂದಿರುವ ಜಾಗದಲ್ಲಿ ಒಂದೂವರೆ ಅಡಿ ಗುಂಡಿ ತೋಡಿ, ಎರಡು ಬಿಂದಿಗೆ ನೀರು ಸುರಿದು ನೋಡಿ. ಮೈಸೂರಿನ ಕೆಂಪು ಮಣ್ಣಾದರೆ ಸಂಜೆಯೊಳಗೆ ಇಂಗಿಹೋಗುತ್ತದೆ. ಮಂಡ್ಯದ ನಾಲೆ ಬಯಲಿನಲ್ಲಿ, ಪಕ್ಕದಲ್ಲೇ ಭತ್ತದ ಗದ್ದೆಯಿದ್ದರೆ, ಮಾರನೇ ದಿನವೂ ನೀರು ನಿಂತಿರಬಹುದು. ಹಾಗೆ ನಿಂತರೆ ಪರಂಗಿಯ ಆಸೆ ಬಿಡಿ, ಎರಡು ದಿನ ನೀರು ನಿಂತರೂ ಅದರ ಬುಡ ಕೊಳೆಯುತ್ತದೆ. ತೆಂಗು, ಸೀಬೆ ತಡೆದುಕೊಳ್ಳುತ್ತವೆ. ಮಾವು ಬೇಕೇ ಬೇಕು ಅನ್ನುವವರು ಎರಡಡಿ ಎತ್ತರಕ್ಕೆ ಮಣ್ಣು ಏರಿಸಿ ಅದರ ಮೇಲೆ ನೆಡಬೇಕು.

ಮಾವಿನ ವಿಷಯದಲ್ಲಿ ಎಲ್ಲರೂ ಕೇಳುವುದು ಬಾದಾಮಿ. ರುಚಿಗೆ ಎರಡು ಮಾತಿಲ್ಲ, ಆದರೆ ಒಂದು ವರ್ಷ ಹೊರೆ ಹೊರೆ ಬಿಟ್ಟರೆ ಮುಂದಿನ ವರ್ಷ ಕೈ ಕೊಡುತ್ತದೆ, ಮೂವತ್ತು ಅಡಿ ಜಾಗವನ್ನೂ ಕೇಳುತ್ತದೆ. ಇನ್ನೊಂದು ತೊಂದರೆ ಹೊರಗಿನಿಂದ ಕಾಣುವುದೇ ಇಲ್ಲ: ಚೆಂದದ ಹಣ್ಣನ್ನು ಕೊಯ್ದರೆ ಒಳಗೆ ಬೆಳ್ಳಗೆ, ಹುಳ್ಳಗೆ, ಸ್ಪಂಜಿನ ಹಾಗಿರುವ ತಿರುಳು. ಕಾಯಿ ತೀರಾ ಬಲಿಯುವವರೆಗೂ ಮರದಲ್ಲೇ ಬಿಟ್ಟರೆ ಇದು ಹೆಚ್ಚು, ಸ್ವಲ್ಪ ಮುಂಚೆ ಕಿತ್ತು ಹುಲ್ಲಿನಲ್ಲಿ ಹಣ್ಣು ಮಾಡಿದರೆ ಕಡಿಮೆ. ಸೀಕರಣೆ ಮಾಡುವ ಮನೆಗೆ ರಸಪುರಿಯೇ ಸರಿ, ಅದಕ್ಕೂ ದೊಡ್ಡ ಹಿತ್ತಲು ಬೇಕು. ಉಪ್ಪು ಖಾರ ಹಚ್ಚಿ ತಿನ್ನಲು, ಚಿತ್ರಾನ್ನಕ್ಕೆ ತುರಿಯಲು ತೋತಾಪುರಿ.

ಮೂವತ್ತು-ನಲವತ್ತರ ಸೈಟಿನಲ್ಲಿ ಮನೆ ಕಟ್ಟಿ ಮೂಲೆಯಲ್ಲಿ ಚೂರು ಜಾಗ ಉಳಿಸಿಕೊಂಡವರಿಗೆ ನಾನು ಹೇಳುವುದು ಆಮ್ರಪಾಲಿ. ಮರ ಗಿಡ್ಡ, ತೋಟಗಳಲ್ಲಿ ಎಂಟಡಿಗೊಂದರಂತೆ ನೆಡುತ್ತಾರೆ, ಪ್ರತಿ ವರ್ಷ ಬಿಡುತ್ತದೆ. ಹಣ್ಣು ಚಿಕ್ಕದು, ತಿರುಳು ಗಾಢ ಕಿತ್ತಳೆ ಬಣ್ಣ, ಬರುವುದು ಮಾತ್ರ ತಡ. ಮಲ್ಲಿಕಾ ಕೂಡ ಆಮ್ರಪಾಲಿಯ ಹಾಗೆಯೇ ದಶೇರಿ, ನೀಲಂ ಎಂಬ ಮಾವಿನ ತಳಿಗಳ ಜೋಡಿಯ ಮಗು. ತಾಯಿ ತಂದೆ ಅದಲು ಬದಲಾಗಿದ್ದಕ್ಕೆ ಮರ ಇಷ್ಟು ಬೇರೆಯಾಯಿತು ಅನ್ನುವುದೇ ಸೋಜಿಗ. ಮಲ್ಲಿಕಾ ಹಣ್ಣು ದೊಡ್ಡದು, ಓಟೆ ತೆಳು. ಆದರೆ ಕಿತ್ತ ಮೇಲೆ ಎರಡು ವಾರ ತಾಳ್ಮೆ ಬೇಕು. ಆತುರಪಟ್ಟು ಕೊಯ್ದವರೇ ಅದನ್ನು ಸಪ್ಪೆ ಅಂತ ದೂರುವುದು.

ಕಸಿ ಗಿಡ ಕೊಳ್ಳುವಾಗ ಎತ್ತರಕ್ಕೆ ಮರುಳಾಗಬೇಡಿ. ಕಸಿ ಕಟ್ಟಿದ ಗಂಟಿನ ಮೇಲೂ ಕೆಳಗೂ ಕಾಂಡ ಒಂದೇ ದಪ್ಪ ಇರಬೇಕು, ಮೆಲ್ಲಗೆ ಬಾಗಿಸಿದರೆ ಗಂಟು ಬಾಯಿ ಬಿಡಬಾರದು. ಪ್ಲಾಸ್ಟಿಕ್ ಪಟ್ಟಿ ಇನ್ನೂ ಸುತ್ತಿದ್ದರೆ ನೆಡುವಾಗ ಬ್ಲೇಡಿನಿಂದ ಸೀಳಿ ತೆಗೆಯಿರಿ, ಇಲ್ಲದಿದ್ದರೆ ಕಾಂಡ ದಪ್ಪವಾದಂತೆ ಅದು ಕತ್ತು ಹಿಸುಕುತ್ತದೆ. ಗುಂಡಿ ಮೂರಡಿ ಉದ್ದ, ಅಗಲ, ಆಳ. ಮೇಲ್ಮಣ್ಣಿಗೆ ಎರಡು ಬುಟ್ಟಿ ಹಳೆಯ ಕೊಟ್ಟಿಗೆ ಗೊಬ್ಬರ, ಒಂದು ಕೆಜಿ ಬೇವಿನ ಹಿಂಡಿ ಬೆರೆಸಿ ತುಂಬಿ. ಗಂಟು ನೆಲದಿಂದ ನಾಲ್ಕಾರು ಇಂಚು ಮೇಲೇ ಇರಲಿ. ಗಂಟಿನ ಕೆಳಗೆ ಬರುವ ಚಿಗುರನ್ನು ಕಂಡ ಕೂಡಲೇ ಚಿವುಟಿ. ಬಿಟ್ಟರೆ ಒಂದೆರಡು ವರ್ಷದಲ್ಲಿ ಆಮ್ರಪಾಲಿ ಹೋಗಿ ಕಾಡುಮಾವು ಉಳಿಯುತ್ತದೆ. ಮೊದಲ ಎರಡು ವರ್ಷದ ಹೂವನ್ನೂ ಕೀಳಬೇಕು, ಹೊಟ್ಟೆ ಉರಿದರೂ ಸರಿ. ಫಲ ಬಿಡುವ ಮರಕ್ಕೆ ನವೆಂಬರ್, ಡಿಸೆಂಬರಿನಲ್ಲಿ ನೀರು ನಿಲ್ಲಿಸಿ. ಆಗ ನೀರು ಕುಡಿಸಿದರೆ ಹೂವಿನ ಬದಲು ಚಿಗುರು ಬರುತ್ತದೆ.

ಬಾಳೆಯಲ್ಲಿ ನಂಜನಗೂಡು ರಸಬಾಳೆಗೆ ಎಲ್ಲರೂ ಆಸೆಪಡುತ್ತಾರೆ, ಪನಾಮ ರೋಗ ಅದನ್ನು ಬಿಡುವುದಿಲ್ಲ. ಕೆಳಗಿನ ಎಲೆ ಹಳದಿಯಾಗಿ ತೊಟ್ಟಿನಲ್ಲಿ ಮುರಿದು ದಿಂಡಿನ ಸುತ್ತ ಜೋತುಬಿದ್ದರೆ, ದಿಂಡನ್ನು ಅಡ್ಡ ಕೊಯ್ದು ನೋಡಿ, ಒಳಗೆ ಕಂದು ಉಂಗುರ ಕಂಡರೆ ಅದೇ. ಆ ಶಿಲೀಂಧ್ರ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುವುದರಿಂದ ಅಲ್ಲಿ ಮತ್ತೆ ರಸಬಾಳೆಯಾಗಲಿ ಏಲಕ್ಕಿ ಬಾಳೆಯಾಗಲಿ ಬೇಡ, ಪಚ್ಚಬಾಳೆ ಹಾಕಿ. ಸೀಬೆಯಲ್ಲಿ ಬೀಜ ಮೆತ್ತಗಿರಬೇಕೆಂದರೆ ಅರ್ಕಾ ಮೃದುಲ, ಕೆಂಪು ತಿರುಳು ಬೇಕೆಂದರೆ ಅರ್ಕಾ ಕಿರಣ್. ಪರಂಗಿಯಲ್ಲಿ ರೆಡ್ ಲೇಡಿ ಹಾಕಿದರೆ ಗಂಡು ಗಿಡದ ಕಾಟವಿಲ್ಲ, ಆದರೆ ಅದು ಹೈಬ್ರಿಡ್, ತಿಂದ ಹಣ್ಣಿನ ಬೀಜ ಬಿತ್ತಿದರೆ ಅದೇ ಗುಣ ಬರುವುದಿಲ್ಲ. ದ್ರಾಕ್ಷಿ ಚಪ್ಪರದ ಆಸೆಯಿದ್ದರೆ ಬೆಂಗಳೂರು ನೀಲಿ: ಬೀಜವಿದೆ, ಸ್ವಲ್ಪ ಹುಳಿ, ರಸ ತೆಗೆಯಲೂ ವೈನಿಗೂ ಒಳ್ಳೆಯದು.

ಇನ್ನು ಮೆಣಸಿನಕಾಯಿ. ಸಾರಿನ ಪುಡಿಗೆಂದು ಮನೆಯಲ್ಲಿ ಬ್ಯಾಡಗಿ ಬೆಳೆಯುವ ಹುಮ್ಮಸ್ಸು ಬೇಡ. ಒಂದು ಕೆಜಿ ಒಣಮೆಣಸಿಗೆ ಸುಮಾರು ನಾಲ್ಕು ಕೆಜಿ ಕೆಂಪು ಹಣ್ಣು ಬೇಕು, ಅದನ್ನು ಒಣಗಿಸುವ ಹೊತ್ತಿಗೆ ನಮ್ಮಲ್ಲಿ ಅಕ್ಟೋಬರ್ ಮಳೆ ಬಂದರೆ ಬೂಷ್ಟು ಹಿಡಿಯುತ್ತದೆ. ಅಂಗಡಿಯಿಂದ ತನ್ನಿ, ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು. ಕುಂಡದಲ್ಲಿ ಬೆಳೆಯಬೇಕಾದ್ದು ಹಸಿಮೆಣಸು. ದಿನದ ಒಗ್ಗರಣೆಗೆ ಜ್ವಾಲಾ ಎರಡು ಗಿಡ, ಸಂಜೆ ತಿಂಡಿಗೆ ಬಜ್ಜಿ ಮೆಣಸಿನಕಾಯಿ ಎರಡು ಗಿಡ, ಅರೆನೆರಳಿನ ಮೂಲೆಯಲ್ಲಿ ಸೂಜಿ ಮೆಣಸು ಒಂದು. ಸೂಜಿ ಮೆಣಸು ಎರಡು ಮೂರು ವರ್ಷ ಬದುಕುತ್ತದೆ. ದಪ್ಪ ಮೆಣಸಿನಕಾಯಿಗೆ ತಂಪು ಬೇಕು. ಸೆಪ್ಟೆಂಬರ್ ಕೊನೆಗೆ ಬೀಜ ಹಾಕಿ ಚಳಿಗಾಲದಲ್ಲಿ ಕಾಯಿ ಕಿತ್ತುಬಿಡಬೇಕು. ಮಾರ್ಚ್ ಬಿಸಿಲಿಗೆ ಕಾಯಿಯ ಮೇಲೆ ಬಿಳಿ ಮಚ್ಚೆ ಬಿದ್ದು ಹಾಳಾಗುತ್ತದೆ.

ಹನ್ನೆರಡು ಇಂಚಿನ ಕುಂಡಕ್ಕೆ ಒಂದೇ ಸಸಿ, ಮೂವತ್ತೈದು ನಲವತ್ತು ದಿನದ್ದು. ಬಜ್ಜಿ ಮೆಣಸಿನ ಪಕ್ಕ ಸೂಜಿ ಮೆಣಸು ಇಟ್ಟರೆ ಈ ಸಲದ ಕಾಯಿಗೆ ಏನೂ ಆಗದು, ಆದರೆ ಪರಾಗ ಬೆರೆಯುವುದರಿಂದ ಅದರ ಬೀಜ ಬಿತ್ತಿದರೆ ಮುಂದಿನ ಬಜ್ಜಿ ಬಾಯಿ ಸುಡಬಹುದು. ಬೀಜಕ್ಕೆ ಬೇಕಾದ ಗಿಡವನ್ನು ಹೂ ಬಿಡುವ ಮುಂಚೆಯೇ ತೆಳು ಬಟ್ಟೆಯ ಚೀಲದಿಂದ ಮುಚ್ಚಿ, ದಿನಾ ಬೆಳಿಗ್ಗೆ ಕೊಂಬೆ ಅಲುಗಿಸಿ.

ಎಲೆ ಮುರುಟಿದರೆ ಸಿಕ್ಕ ಔಷಧಿ ಹೊಡೆಯಬೇಡಿ, ಯಾವ ಕಡೆ ಮಡಚಿದೆ ನೋಡಿ. ಅಂಚು ಮೇಲಕ್ಕೆ ದೋಣಿಯಂತೆ ಮಡಚಿದ್ದರೆ ಥ್ರಿಪ್ಸ್ ನುಸಿ. ಬಿಳಿ ಕಾಗದದ ಮೇಲೆ ಚಿಗುರು ಕೊಡವಿದರೆ ಸಣ್ಣ ಗೆರೆಯಂಥ ಹುಳು ಓಡಾಡುತ್ತವೆ. ಲೀಟರ್ ನೀರಿಗೆ ಐದು ಎಂಎಲ್ ಬೇವಿನೆಣ್ಣೆ, ಚಿಟಿಕೆ ಸೋಪಿನ ಪುಡಿ ಕದಡಿ ಸಂಜೆ ಎಲೆಯ ಅಡಿಗೆ ಸಿಂಪಡಿಸಿ, ವಾರ ಬಿಟ್ಟು ಮತ್ತೊಮ್ಮೆ. ಅಂಚು ಕೆಳಕ್ಕೆ ಮಡಚಿ ತೊಟ್ಟು ಉದ್ದವಾಗಿದ್ದರೆ ಮೈಟ್ ನುಸಿ, ಅದಕ್ಕೆ ನೀರಿನಲ್ಲಿ ಕರಗುವ ಗಂಧಕ ಲೀಟರಿಗೆ ಮೂರು ಗ್ರಾಂ. ಬೇವಿನೆಣ್ಣೆ ಹೊಡೆದ ಎರಡು ವಾರದೊಳಗೆ ಗಂಧಕ ಹೊಡೆಯಬಾರದು, ಸುಡು ಬಿಸಿಲಿನಲ್ಲೂ ಬೇಡ, ಎಲೆ ಸುಟ್ಟುಹೋಗುತ್ತದೆ.