ಅಡಿಕೆ ಹಾಳೆಯ ಮುಖವಾಡ, ಅರಿಶಿನದ ಕೋಪ: ಚಿತ್ರ ಮತ್ತು ನಾಟಕ ಕೂಡಿಸಿದ ನನ್ನ ಶಿಬಿರ

ಚಿತ್ರಕ್ಕೆ ಚಿತ್ರದ ಶಿಬಿರ ಮಾಡಿ, ನಾಟಕಕ್ಕೆ ನಾಟಕದ್ದು ಮಾಡಿ. ಎರಡನ್ನೂ ಕಲಸಿ ಮೇಲೆ ಥೆರಪಿ ಅಂತ ಹೆಸರಿಟ್ಟರೆ ಯಾವುದೂ ನೆಟ್ಟಗಾಗಲ್ಲ. ಚಿತ್ರ, ನಾಟಕ ಎರಡನ್ನೂ ಸೇರಿಸಿ ಮಕ್ಕಳಿಗೆ ಬೇಸಿಗೆ ಶಿಬಿರ ಮಾಡುತ್ತೇನೆ ಅಂದಾಗ ನನಗೆ ಹೀಗೆ ಹೇಳಿದವರು ಒಬ್ಬಿಬ್ಬರಲ್ಲ. ಡ್ರಾಯಿಂಗ್ ಮೇಷ್ಟ್ರು ಹೇಳಿದರು, ರಂಗಭೂಮಿಯ ಗೆಳೆಯರು ಹೇಳಿದರು, ಮನೆಯಲ್ಲೂ ಹೇಳಿದರು. ಅದಾಗಿ ಐದಾರು ಬೇಸಿಗೆ ಕಳೆದಿವೆ. ಈ ಸಲ ಏಪ್ರಿಲ್‌ಗೆ ಮೊದಲೇ ಸೀಟು ತುಂಬಿತು. ಹೋದ ವರ್ಷದ ಮಕ್ಕಳಲ್ಲಿ ಹೆಚ್ಚುಕಮ್ಮಿ ಮುಕ್ಕಾಲು ಪಾಲು ಮತ್ತೆ ಬಂದರು. ಬೇಡ ಅಂದಿದ್ದ ಡ್ರಾಯಿಂಗ್ ಮೇಷ್ಟ್ರು ತಮ್ಮ ಮಗಳನ್ನೇ ತಂದು ಸೇರಿಸಿದರು. ಹೇಗೆ ಮಾಡಿದ್ರಿ ಅಂತ ಕೇಳುವವರು ಜಾಸ್ತಿಯಾಗಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ. ಶಿಬಿರ ನಡೆಸಿ ಗೊತ್ತಿರುವವರಿಗಾಗಿ ಬರೆದದ್ದು ಇದು. ಮೈ ಸಡಿಲಿಸುವ ಆಟಗಳು, ಬಣ್ಣ ಹಂಚುವ ಕ್ರಮ ಇದನ್ನೆಲ್ಲ ನಿಮಗೆ ಹೇಳಬೇಕಾಗಿಲ್ಲ.

ನಾನು ಸಾಗರದ ಕಡೆಯವಳು. ಪಕ್ಕದಲ್ಲೇ ಹೆಗ್ಗೋಡು, 1949ರಿಂದ ನೀನಾಸಮ್ ನಾಟಕ ಸಂಸ್ಥೆ ಇರುವ ಊರು. ನಮ್ಮ ಕಡೆ ನಾಟಕ ಅಂದರೆ ಮಕ್ಕಳಿಗೂ ಹೊಸದಲ್ಲ. ಮಕ್ಕಳ ಜೊತೆ ಚಿತ್ರ, ನಾಟಕ, ಕುಣಿತ ಎಲ್ಲವನ್ನೂ ಸೇರಿಸುವುದೂ ಹೊಸದಲ್ಲ. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಎಷ್ಟೋ ಹಿಂದೆಯೇ ಮಾಡಿದ್ದರು. ಮೈಸೂರಿನ ರಂಗಾಯಣದವರು ಬೇಸಿಗೆಯಲ್ಲಿ ಮಕ್ಕಳಿಗೆ ನಡೆಸುವ ಚಿನ್ನರ ಮೇಳ ನಿಮಗೆಲ್ಲ ಗೊತ್ತು. ನಾನು ಹೊಸದಾಗಿ ಮಾಡಿದ್ದು ಒಂದೇ. ಮಗು ಬರೆದ ಚಿತ್ರವನ್ನು ಗೋಡೆಗೆ ಅಂಟಿಸಿ ಬಿಡದೆ, ಆ ಚಿತ್ರವನ್ನೇ ಎಬ್ಬಿಸಿ ಮಾತಾಡಿಸಿದೆ. ಮಗುವನ್ನು ಕೇಳುವುದಿಲ್ಲ, ಚಿತ್ರವನ್ನು ಕೇಳುತ್ತೇನೆ. ಮುಂದೆ ಬರೆದಿರುವುದೆಲ್ಲ ಇದೊಂದರ ಸುತ್ತಲೇ.

ಶುರುವಿನ ಎರಡು ಬೇಸಿಗೆ ಎಲ್ಲರ ಹಾಗೆ ಬೆಳಿಗ್ಗೆ ಚಿತ್ರ, ಮಧ್ಯಾಹ್ನದ ಮೇಲೆ ನಾಟಕ ಅಂತ ಇಟ್ಟಿದ್ದೆ. ಆಗಲಿಲ್ಲ. ಬೆಳಿಗ್ಗೆ ಮೂಲೆಯಲ್ಲಿ ಕೂತು ಚೆಂದ ಬರೆದ ಮಗು ಮಧ್ಯಾಹ್ನ ಹೊಟ್ಟೆನೋವು ಅಂತ ಮನೆಗೆ ಹೋಗುತ್ತಿತ್ತು. ನಾಟಕಕ್ಕೆ ಕುಣಿದುಕೊಂಡು ಬರುವವರು ಬೆಳಿಗ್ಗೆ ಬಣ್ಣದ ನೀರು ಚೆಲ್ಲಿ ಉಳಿದವರ ಕಾಗದ ಹಾಳು ಮಾಡುತ್ತಿದ್ದರು. ಒಂದೇ ಹಾಲ್‌ನಲ್ಲಿ ಎರಡು ಶಿಬಿರ ನಡೆದ ಹಾಗಾಯಿತು. ದುಡ್ಡೂ ಹೋಯಿತು. ಎರಡೂ ವರ್ಷ ಸೇರಿ ಹದಿನೈದು ಸಾವಿರದ ಹತ್ತಿರ ಕೈಯಿಂದ ಹಾಕಿದ್ದು ನೆನಪು. ಹಾಲ್ ಬಾಡಿಗೆ, ತಿಂಡಿ, ಇಬ್ಬರು ಸಹಾಯಕರ ಸಂಭಾವನೆ ಕೊಟ್ಟು ಮುಗಿಸುವಷ್ಟರಲ್ಲಿ ಫೀಸು ಖಾಲಿ. ಪೋಸ್ಟರ್ ಬಣ್ಣ, ಡ್ರಾಯಿಂಗ್ ಕಾಗದ, ಅಂಗಡಿಯ ಜೇಡಿಮಣ್ಣು ಅಂತ ಒಂದು ಮಗುವಿಗೆ ನಾನೂರು ರೂಪಾಯಿ ದಾಟುತ್ತಿತ್ತು.

ಮೂರನೇ ಸಲ ವೇಳಾಪಟ್ಟಿಯನ್ನೇ ತೆಗೆದುಹಾಕಿದೆ. ನಾಟಕದ ಮೂಲಕ ಮನಸ್ಸಿಗೆ ನೆರವಾಗುವ ನಾಟಕ ಥೆರಪಿಯಲ್ಲಿ ಸ್ಯೂ ಜೆನ್ನಿಂಗ್ಸ್ ಅವರ ಒಂದು ಕ್ರಮ ಇದೆ, ಮೊದಲು ಮೈ, ಆಮೇಲೆ ವಸ್ತು, ಕೊನೆಗೆ ಪಾತ್ರ ಅಂತ. ಸಣ್ಣದೊಂದು ತರಬೇತಿಯಲ್ಲಿ ಕಲಿತಿದ್ದೆ. ಅದನ್ನು ಒಂದೇ ಬೆಳಿಗ್ಗೆಗೆ ಇಳಿಸಿದೆ. ಒಂಬತ್ತೂವರೆಯಿಂದ ಒಂದು ಗಂಟೆವರೆಗೆ, ಅಷ್ಟೇ. ಮೊದಲು ಅರ್ಧ ಗಂಟೆ ಓಡಾಟ, ನೆಲದ ಮೇಲೆ ಉರುಳಾಟ. ಆಮೇಲೆ ಕೈಗೆ ಮಣ್ಣೋ ಬಣ್ಣವೋ ಕೊಡುವುದು. ಕೈ ಒದ್ದೆ ಇರುವಾಗಲೇ, ಯಾರೂ ಎದ್ದು ತೊಳೆಯೋಕೆ ಹೋಗುವ ಮೊದಲೇ, ಪಕ್ಕದ ಮಗುವಿನ ಗೊಂಬೆಗೆ ಇವರ ಗೊಂಬೆ ಒಂದು ಮಾತು ಹೇಳಬೇಕು. ನಾಟಕ ಅಲ್ಲಿಂದಲೇ ಶುರು. ಈಗ ನಾಟಕದ ಹೊತ್ತು ಅಂತ ಎಲ್ಲೂ ಹೇಳುವುದಿಲ್ಲ. ಹೇಳಿದ ತಕ್ಷಣ ಸಂಕೋಚದ ಮಕ್ಕಳು ಗೋಡೆ ಹಿಡಿಯುತ್ತಾರೆ. ಆ ಮೊದಲ ಮಾತು ಬರಲು ನಾನು ಕೇಳುವ ಪ್ರಶ್ನೆ ಒಂದಿದೆ, ಅದನ್ನು ಇಲ್ಲಿ ಬರೆಯಲ್ಲ. ಬಂದು ನೋಡುವವರಿಗೆ ತೋರಿಸುತ್ತೇನೆ.

ಮುಖವಾಡದ ವಿಷಯಕ್ಕೆ ಬರುತ್ತೇನೆ. ದುಡ್ಡು ಉಳಿದದ್ದೂ ಅದರಲ್ಲೇ, ಕೆಲಸ ಆದದ್ದೂ ಅದರಲ್ಲೇ.

ಪೇಪರ್ ಮುಖವಾಡ ಎಲ್ಲರೂ ಮಾಡುತ್ತಾರೆ. ಹಳೇ ಪತ್ರಿಕೆ, ಮೈದಾ ಅಂಟು, ಬಲೂನಿನ ಮೇಲೆ ಪದರ ಪದರ. ಬಯಲುಸೀಮೆಯಲ್ಲಿ ಸರಿ. ನಮ್ಮಲ್ಲಿ ಮೇ ತಿಂಗಳಲ್ಲಿ ಸಂಜೆ ಒಂದು ಮಳೆ ಬಿದ್ದರೆ ಸಾಕು, ಎರಡು ದಿನಕ್ಕೆ ಬೂಸಲು. ಅಂಟಿಗೆ ಮೈಲುತುತ್ತ ಹಾಕಿದರೆ ಬೂಸಲು ಬರಲ್ಲ ಅಂತ ಒಬ್ಬರು ಹೇಳಿದರು. ಅದು ವಿಷ, ಮಕ್ಕಳ ಮುಖಕ್ಕೆ ಕಟ್ಟುವ ವಸ್ತುವಿಗೆ ಹಾಕುವ ಮಾತೇ ಇಲ್ಲ. ಆಗ ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ಅಂದರೆ ಅಡಿಕೆ ಸೋಗೆಯ ಬುಡದ ಅಗಲ ಹೊದಿಕೆ, ಕಣ್ಣಿಗೆ ಬಿತ್ತು. ತಟ್ಟೆ ಮಾಡುತ್ತೇವೆ, ಟೊಪ್ಪಿ ಮಾಡುತ್ತೇವೆ. ಕೇರಳದ ದೇವಸ್ಥಾನಗಳಲ್ಲಿ ನಡೆಯುವ ಪಡಯಣಿ ಕುಣಿತದಲ್ಲಿ ಭಾರೀ ಕೋಲಗಳನ್ನೇ, ಅಂದರೆ ದೊಡ್ಡ ಮುಖವಾಡಗಳನ್ನೇ, ಅಡಿಕೆ ಹಾಳೆಯ ಮೇಲೆ ಬರೆಯುತ್ತಾರೆ. ಮಕ್ಕಳ ಮುಖವಾಡಕ್ಕೆ ಯಾಕಾಗಬಾರದು?

ಒಣ ಹಾಳೆ ರಾತ್ರಿಯಿಡೀ ನೀರಿನಲ್ಲಿ ನೆನೆಯಬೇಕು. ಬೆಳಿಗ್ಗೆ ಮೆತ್ತಗಾಗುತ್ತದೆ. ಬೋರಲು ಹಾಕಿದ ಮಡಕೆಯ ಮೇಲೆ ಹೊದಿಸಿ, ಹಗ್ಗ ಬಿಗಿದು ನೆರಳಲ್ಲಿ ಒಣಗಿಸಿದರೆ ಮುಖದ ಉಬ್ಬು ಬರುತ್ತದೆ. ಬಿಸಿಲಿಗಿಟ್ಟರೆ ಸೊಟ್ಟಗಾಗುತ್ತದೆ, ಮೊದಲ ಬ್ಯಾಚು ಪೂರ್ತಿ ಹಾಗೇ ಹೋಯಿತು. ಕಣ್ಣಿನ ತೂತು ದೊಡ್ಡವರೇ ಕೊರೆಯಬೇಕು. ಅಂಚು ಕೈ ಕೊಯ್ಯುತ್ತದೆ, ಹಳೇ ಪಂಚೆಯ ಪಟ್ಟಿ ಅಂಟಿಸಿ ಮುಚ್ಚಿ. ಒಳಮೈ ನುಣುಪು, ಬಣ್ಣ ಜಾರುತ್ತದೆ. ಅದಕ್ಕೆ ಮೊದಲು ಒಂದು ತಳಪದರ ಬಳಿಯಬೇಕು, ಅದರ ಹದ ಮಾತ್ರ ನನ್ನ ಹತ್ತಿರವೇ ಇರಲಿ. ಬಣ್ಣಕ್ಕೆ ಕೆಮ್ಮಣ್ಣು, ಅರಿಶಿನ, ಇದ್ದಿಲು, ಅಕ್ಕಿಹಿಟ್ಟು. ನಮ್ಮ ಕಡೆ ದೀವರ ಸಮುದಾಯದ ಹೆಂಗಸರು ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯಲು ಬಳಸುವ ಪುಂಡಿನಾರಿನ ಕುಂಚವನ್ನೇ ಒಬ್ಬ ಅಜ್ಜಿಯ ಹತ್ತಿರ ಕಟ್ಟಿಸಿಕೊಂಡೆ. ಅಜ್ಜಿಗೂ ನಾಲ್ಕು ಕಾಸು ಸಿಕ್ಕಿತು, ಅಂಗಡಿ ಬ್ರಷ್ಷಿಗಿಂತ ಗೆರೆ ಸಣ್ಣಗೆ ಬಂತು. ಮಣ್ಣು ಕುಂಬಾರರಿಂದ. ಒಂದು ಮಗುವಿನ ಸಾಮಾನಿನ ಖರ್ಚು ನೂರೈವತ್ತರ ಆಸುಪಾಸಿಗೆ ಇಳಿಯಿತು. ಇಷ್ಟು ಕಮ್ಮಿಗೆ ಇಷ್ಟು ಗಟ್ಟಿ ಮುಖವಾಡ ಮಾಡುವ ಶಿಬಿರ ಸುತ್ತಮುತ್ತ ಇನ್ನೊಂದಿಲ್ಲ, ಇದನ್ನು ಧೈರ್ಯವಾಗಿ ಹೇಳುತ್ತೇನೆ.

ಇದರ ಮಧ್ಯೆ ಸಿಕ್ಕಿದ್ದು ಅರಿಶಿನದ ಆಟ. ಒಂದು ಮುಖವಾಡಕ್ಕೆ ಸಹಾಯಕರು ಸುಣ್ಣ ಬಳಿದಿದ್ದರು. ಒಬ್ಬ ಹುಡುಗ ಅದರ ಮೇಲೆ ಅರಿಶಿನ ಹಚ್ಚಿದ. ಹಳದಿ ಮುಖ ನೋಡನೋಡುತ್ತ ಕೆಂಪಾಯಿತು. ಕುಂಕುಮ, ಓಕುಳಿ ಗೊತ್ತಿರುವ ನಮಗೆ ಇದೇನೂ ದೊಡ್ಡದಲ್ಲ. ಆದರೆ ಅವನು ಕೂಗಿದ್ದು, "ಅಕ್ಕಾ, ಇದಕ್ಕೆ ಸಿಟ್ಟು ಬಂತು!" ಇಡೀ ಹಾಲ್ ಓಡಿ ಬಂತು. ಯಾಕೆ ಸಿಟ್ಟು ಅಂತ ಮುಖವಾಡವನ್ನೇ ಕೇಳಿ ಅಂದೆ. ಮುಖವಾಡ ಹೇಳಲು ಶುರು ಮಾಡಿತು. ನನ್ನ ಸೈಕಲ್ ತಮ್ಮನಿಗೆ ಕೊಟ್ಟರು, ನಾನು ಹೇಳುವಾಗ ಯಾರೂ ಕೇಳಲ್ಲ, ಬೈಯುವಾಗ ಮಾತ್ರ ಎಲ್ಲರೂ ಇರುತ್ತಾರೆ. ಹುಡುಗ ತನ್ನ ಬಾಯಿಂದ ಒಂದು ದೂರೂ ಹೇಳಲಿಲ್ಲ, ಎಲ್ಲ ಮುಖವಾಡದ್ದೇ.

ಮರುದಿನ ಇದನ್ನು ಕಾಗದಕ್ಕೆ ತಂದೆ. ಅರಿಶಿನ ನೀರು ಬಳಿದು ಒಣಗಿಸಿದ ಕಾಗದ, ಕುಂಚದಲ್ಲಿ ಅಡುಗೆ ಸೋಡಾ ಕಲಸಿದ ನೀರು. ಮಕ್ಕಳ ಕೈಗೆ ಸುಣ್ಣ ಕೊಡಬೇಡಿ, ಕಣ್ಣಿಗೆ ಬಿದ್ದರೆ ಕಷ್ಟ. ಅಡುಗೆ ಸೋಡಾದಲ್ಲಿ ಕೆಂಪು ಸ್ವಲ್ಪ ಮಂದ, ಆದರೆ ಕೆಲಸಕ್ಕೆ ಸಾಕು. ಬಣ್ಣವಿಲ್ಲದ ನೀರಿನಲ್ಲಿ ಬರೆದ ಕಡೆಯೆಲ್ಲ ಕೆಂಪು ಏಳುತ್ತದೆ. ಅದರ ಮೇಲೆ ನಿಂಬೆರಸ ಹಿಂಡಿದರೆ ಮತ್ತೆ ಹಳದಿ. ನಿಯಮ ಒಂದೇ ಇಟ್ಟೆ. ನಿಂಬೆ ಹಿಂಡುವ ಮೊದಲು ಆ ಸಿಟ್ಟಿಗೆ ಏನು ಬೇಕು ಅಂತ ಕೇಳಿ, ಇನ್ನಿಬ್ಬರು ಅದನ್ನು ಆಡಿ ತೋರಿಸಬೇಕು. ಕ್ಷಮೆ ಕೇಳಬೇಕಾದರೆ ಯಾರೋ ಅಪ್ಪನಾಗಿ ಬಂದು ಕೇಳಬೇಕು. ಅದು ಸಾಕು ಅಂತ ಚಿತ್ರ ಬರೆದವರಿಗೆ ಅನಿಸಿದರೆ ಒಂದು ಹನಿ ನಿಂಬೆರಸ. ಸಾಲದು ಅನಿಸಿದರೆ ಹನಿ ಇಲ್ಲ. ಒಬ್ಬಳು ಇಡೀ ಶಿಬಿರ ಮುಗಿದರೂ ಹಿಂಡಲಿಲ್ಲ, ಕೆಂಪು ಕಾಗದವನ್ನೇ ಮನೆಗೆ ಒಯ್ದಳು. ನಾನು ಒತ್ತಾಯ ಮಾಡಲಿಲ್ಲ. ಸಿಟ್ಟು ಇಳಿಸಲೇಬೇಕು ಅಂತ ಹೊರಟರೆ ಮಗು ನಮ್ಮನ್ನು ಖುಷಿಪಡಿಸಲು ಹಿಂಡಿಬಿಡುತ್ತದೆ, ಅದರಿಂದ ಏನು ಬಂತು?

ಇನ್ನೊಬ್ಬಳ ಬಗ್ಗೆ ಹೇಳಲೇಬೇಕು. ಎಂಟು ವರ್ಷ ಇರಬಹುದು. ದೊಡ್ಡ ಕಾಗದ ಕೊಟ್ಟರೆ ಪೂರ್ತಿ ಇದ್ದಿಲಿನಿಂದ ಕಪ್ಪು ಮಾಡಿಡುತ್ತಿದ್ದಳು. ದಿನಾ ಅದೇ. ನೋಡಿದ ಒಬ್ಬ ಮೇಷ್ಟ್ರು ಹೂವು ಬರಿ, ಮನೆ ಬರಿ ಅಂದರು. ಅವಳು ಮನೆಯನ್ನೇ ಬರೆದದ್ದು ಅಂತ ನಮಗೆ ಗೊತ್ತಾಗಿದ್ದು ಆ ಕಪ್ಪು ಕಾಗದಗಳನ್ನೆಲ್ಲ ಅಂಟಿಸಿ, ಎರಡು ಬೆಂಚಿನ ಮೇಲೆ ಹೊದಿಸಿ, ಒಳಗೆ ಯಾರಿದ್ದಾರೆ ಅಂತ ಕೇಳಿದ ದಿನ. ಅವಳು ಒಳಗೆ ನುಗ್ಗಿ ಕೂತಳು. "ಕರೆಂಟ್ ಹೋಗಿದೆ, ಯಾರೂ ಬರಬೇಡಿ" ಅಂದಳು. ಉಳಿದವರು ಬಾಗಿಲು ತಟ್ಟಿದರು. ಹಾಲಿನವ, ಪೊಲೀಸ್, ಟೀಚರ್, ಯಾರನ್ನೂ ಒಳಗೆ ಬಿಡಲಿಲ್ಲ. ಒಬ್ಬ ಹುಡುಗ ನಾಯಿಯಾಗಿ ಬಂದು ಸುಮ್ನೆ ಹೊಸ್ತಿಲಲ್ಲಿ ಮಲಗಿದ. ಅವನನ್ನು ಬಿಟ್ಟಳು. ಒಂದೆರಡು ದಿನ ಬಿಟ್ಟು ಅಜ್ಜಿಯನ್ನು ಬಿಟ್ಟಳು, ಅಜ್ಜಿ ದೀಪ ತರಬೇಕು ಅನ್ನೋ ಷರತ್ತು ಹಾಕಿ. ಆಮೇಲೆ ಅವಳೇ ನಿರ್ದೇಶಕಿ. ಯಾರು ಎಲ್ಲಿ ಕೂರಬೇಕು, ಯಾರು ಕೆಮ್ಮಬೇಕು, ಎಲ್ಲ ಅವಳೇ ಹೇಳುತ್ತಿದ್ದಳು. ಅಷ್ಟು ದಿನ ಅವಳು ಎರಡು ವಾಕ್ಯ ಮಾತಾಡಿದ್ದು ನಾನು ಕೇಳಿರಲಿಲ್ಲ. ಬರೀ ಚಿತ್ರದ ಶಿಬಿರವಾಗಿದ್ದರೆ ಆ ಕಪ್ಪು ಕಾಗದ ಕಸದ ಬುಟ್ಟಿಗೆ. ಬರೀ ನಾಟಕದ ಶಿಬಿರವಾಗಿದ್ದರೆ ಅವಳಿಗೆ ಮರದ ಪಾತ್ರ.

ಪಾತ್ರ ಕಳಚುವ ಕೆಲಸಕ್ಕೆ ಕೊನೆಯ ಇಪ್ಪತ್ತು ನಿಮಿಷ ಕಡ್ಡಾಯ. ಇದನ್ನು ಬಿಟ್ಟರೆ ಉಳಿದದ್ದು ಮಾಡಬೇಡಿ. ಮುಖವಾಡ ಬುಟ್ಟಿಗೆ ಹಾಕಬೇಕು, ಕೈಕಾಲು ಮುಖ ತೊಳೆಯಬೇಕು, ಸುತ್ತ ಕೂತು ತನ್ನ ಹೆಸರು ಮತ್ತು ಬೆಳಿಗ್ಗೆ ಏನು ತಿಂದೆ ಅನ್ನೋದು ಹೇಳಬೇಕು. ಮಳೆ ಬರಲಿ, ತಿಂಡಿ ತಡವಾಗಲಿ, ಇದು ತಪ್ಪಬಾರದು. ರಾಕ್ಷಸನ ಮುಖವಾಡ ಹಾಕಿದ ಮಗು ರಾಕ್ಷಸನಾಗಿಯೇ ಮನೆಗೆ ಹೋದರೆ ತಂಗಿಗೆ ಹೊಡೆತ ಬೀಳುತ್ತದೆ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಥೆರಪಿಸ್ಟ್ ಅಂತ ನಾನು ಬೋರ್ಡ್ ಹಾಕಿಲ್ಲ, ನೀವೂ ಹಾಕಬೇಡಿ. ಆಪ್ತಸಮಾಲೋಚಕಿ ಒಬ್ಬರು ವಾರಕ್ಕೆರಡು ಸಲ ಬಂದು ಕೂರುತ್ತಾರೆ, ಅವರ ಸಂಭಾವನೆಯಲ್ಲಿ ನಾನು ಚೌಕಾಸಿ ಮಾಡುವುದಿಲ್ಲ. ಮುಖವಾಡದ ಹಿಂದಿನಿಂದ ಕೆಲವೊಮ್ಮೆ ನಿಜವಾಗಿಯೂ ಭಯಪಡಬೇಕಾದ ಮಾತು ಬರುತ್ತದೆ. ಆಗ ಕೆದಕಿ ಕೇಳಬಾರದು, ಮತ್ತೊಮ್ಮೆ ಆಡಿಸಬಾರದು, ಅಪ್ಪ ಅಮ್ಮನ ಮುಂದೆ ನಿಲ್ಲಿಸಬಾರದು. ಕೇಳಿಸಿಕೊಂಡು, ಆ ಮಾತನ್ನು ಇದ್ದ ಹಾಗೇ ಬರೆದಿಡಿ. ಲೈಂಗಿಕ ಕಿರುಕುಳದ ಸುಳಿವು ಸಿಕ್ಕರೆ 2012ರ ಪೋಕ್ಸೊ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸುವುದು ನಮ್ಮ ಮೇಲಿನ ಹೊಣೆ, ಇಷ್ಟ ಇದ್ದರೆ ಮಾಡುವ ಕೆಲಸವಲ್ಲ. ಮಕ್ಕಳ ಸಹಾಯವಾಣಿ 1098, ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416. ಎರಡೂ ನಂಬರ್ ನಮ್ಮ ಹಾಲ್‌ನ ಬಾಗಿಲಲ್ಲಿ ಮಕ್ಕಳ ಕಣ್ಣಿನ ಎತ್ತರಕ್ಕೆ ಬರೆದಿದ್ದೇವೆ.

ದೊಡ್ಡ ಜಗಳ ನಡೆದದ್ದು ಕೊನೆಯ ದಿನದ ಪ್ರದರ್ಶನಕ್ಕೆ. ನಾನು ಪ್ರದರ್ಶನ ಮಾಡುವುದಿಲ್ಲ. ಮಗು ಮುಖವಾಡದ ಮರೆಯಲ್ಲಿ ಹೇಳಿದ್ದನ್ನು ಊರಿನ ಮುಂದೆ ಮೈಕಿನಲ್ಲಿ ಹೇಳಿಸೋಕಾಗುತ್ತಾ? ಹತ್ತು ದಿನ ಫೀಸು ಕಟ್ಟಿ ಏನೂ ತೋರಿಸಲ್ವಾ ಅಂತ ಒಬ್ಬ ತಂದೆ ಅರ್ಧ ದುಡ್ಡು ವಾಪಸ್ ಕೇಳಿದರು, ಕೊಟ್ಟೆ. ಆ ವರ್ಷ ಮೂರ್ನಾಲ್ಕು ಮಕ್ಕಳು ಕಮ್ಮಿಯಾದರು. ಈಗ ಬೇರೆ ದಾರಿ ಮಾಡಿಕೊಂಡಿದ್ದೇನೆ. ಕೊನೆಯ ದಿನ ಅಪ್ಪ ಅಮ್ಮಂದಿರೇ ಮಣ್ಣು ಮೆತ್ತಬೇಕು, ಮುಖವಾಡ ಕಟ್ಟಬೇಕು, ಮಕ್ಕಳು ಅವರಿಗೆ ಕಲಿಸಬೇಕು. ಗದರಿ ಗದರಿ ಕಲಿಸುತ್ತಾರೆ. ಹೋದ ವರ್ಷ ಒಬ್ಬ ತಾಯಿ ಮಗನಿಂದ ಹೇಳಿಸಿಕೊಂಡು ಮೂರು ಸಲ ಹಾಳೆ ಬಿಗಿದು ಕಟ್ಟಿದರು. ಈಗ ಪ್ರದರ್ಶನ ಎಲ್ಲಿ ಅಂತ ಕೇಳುವವರು ಅಪರೂಪ.

ನಡುವೆ ನೆರಳಿನ ಪ್ರಯೋಗವೂ ಮಾಡಿದೆ. ತೊಗಲುಗೊಂಬೆಯ ಆಸೆಗೆ ಹಳೇ ಎಕ್ಸ್‌ರೇ ಫಿಲ್ಮ್ ಕತ್ತರಿಸಿ ಗೊಂಬೆ, ಬಿಳಿ ಪಂಚೆಯ ಪರದೆ, ಹಿಂದೆ ಒಂದೇ ಬಲ್ಬು. ಎರಡು ಬಲ್ಬು ಇಟ್ಟರೆ ಎರಡು ನೆರಳು ಬಿದ್ದು ಕಲಸಿಹೋಗುತ್ತದೆ. ಮುಖವಾಡ ಅಂದರೆ ಉಸಿರು ಕಟ್ಟುತ್ತದೆ ಅನ್ನುವ ಮಕ್ಕಳಿಗೆ ಇದು ಚೆನ್ನಾಗಿ ಹಿಡಿಸಿತು. ಖರ್ಚು ಇನ್ನೂರು ರೂಪಾಯಿಯ ಒಳಗೆ. ತೊದಲುವ ಮಕ್ಕಳಿಗೆ ಗುಂಪಿನಲ್ಲಿ ಒಟ್ಟಿಗೆ ಹೇಳುವ ಸಾಲುಗಳನ್ನು ಪರದೆಯ ಹಿಂದಿನಿಂದ ಹೇಳಿಸಿದೆ. ಒಟ್ಟಿಗೆ ಹೇಳುವಾಗ ತೊದಲು ಕಮ್ಮಿಯಾಗುತ್ತದೆ ಅನ್ನೋದು ಈ ಕೆಲಸದವರಿಗೆ ಗೊತ್ತಿರುವ ವಿಷಯವೇ. ನಾನು ನೋಡಿದ್ದು, ಪರದೆ ಇದ್ದರೆ ಆ ಮಗು ಗುಂಪಿಗೆ ಸೇರಲು ಒಪ್ಪುತ್ತದೆ. ತೊದಲು ವಾಸಿ ಮಾಡುತ್ತೇನೆ ಅಂತ ಹೇಳುತ್ತಿಲ್ಲ, ಅದಕ್ಕೆ ಸ್ಪೀಚ್ ಥೆರಪಿಯವರ ಹತ್ತಿರವೇ ಹೋಗಬೇಕು.

ಈಗಿನ ಲೆಕ್ಕ ಹೀಗಿದೆ. ಇಪ್ಪತ್ತು ಚಿಲ್ಲರೆ ಮಕ್ಕಳು, ಹತ್ತು ದಿನ, ತಲೆಗೆ ಸಾವಿರದ ಎಂಟುನೂರು. ಐದಾರು ಮಕ್ಕಳಿಗೆ ಫೀಸಿಲ್ಲ. ಎಲ್ಲ ಕಳೆದು ಆರೇಳು ಸಾವಿರ ಕೈಯಲ್ಲಿ ಉಳಿಯುತ್ತದೆ, ಅದು ದಸರಾ ರಜೆಯಲ್ಲಿ ಹತ್ತಿರದ ಸರ್ಕಾರಿ ಶಾಲೆಯಲ್ಲಿ ನಡೆಸುವ ಶಿಬಿರಕ್ಕೆ ಹೋಗುತ್ತದೆ. ಇಂಥ ಶಿಬಿರ ಮೊದಲ ಸಲ ಮಾಡುವವರು ಹನ್ನೆರಡು ಮಕ್ಕಳಿಗಿಂತ ಜಾಸ್ತಿ ತಗೊಳ್ಳಬೇಡಿ, ಇಬ್ಬರು ಸಹಾಯಕರಂತೂ ಬೇಕೇ ಬೇಕು. ಅಡಿಕೆ ಹಾಳೆಯನ್ನು ಜನವರಿಯಿಂದಲೇ ಕೂಡಿಡಿ. ಏಪ್ರಿಲ್‌ಗೆ ತಟ್ಟೆ ಕಾರ್ಖಾನೆಯವರು ತೋಟ ಖಾಲಿ ಮಾಡಿರುತ್ತಾರೆ.