ಗೀಚಿದ ಗೋಡೆಗೆ ಸಮುದಾಯ ಸೇವೆ: ಕೆಲಸ ಮಾಡಿಸುವ ಬಗೆ

ಗೋಡೆ ಗೀಚಿದವನ ಕೈಯಲ್ಲೇ ಆ ಗೋಡೆ ಒರೆಸಿಸಿ ಎನ್ನುವುದು ಎಲ್ಲರೂ ಮೊದಲು ಹೇಳುವ ಮಾತು. ಕೇಳುವುದಕ್ಕೆ ನ್ಯಾಯವಾಗಿಯೇ ಇದೆ, ಕೆಲಸಕ್ಕೆ ಇಳಿದರೆ ಮಾತ್ರ ಹೊಂದುವುದಿಲ್ಲ. ಸ್ಪ್ರೇ ಪೇಂಟ್ ಮೊದಲ ಒಂದೆರಡು ದಿನ ಸುಲಭವಾಗಿ ಬಿಡುತ್ತದೆ. ವಾರಗಳು ಕಳೆದಂತೆ ಬಲಿತು, ಗಾರೆಯ ಮತ್ತು ಕಲ್ಲಿನ ಸಣ್ಣ ರಂಧ್ರಗಳನ್ನು ಕಚ್ಚಿಕೊಳ್ಳುತ್ತದೆ. ದೂರು, ಮಹಜರು, ವಿಚಾರಣೆ, ಆದೇಶ ಎಲ್ಲ ಮುಗಿಯುವಷ್ಟರಲ್ಲಿ ತಿಂಗಳುಗಳೇ ಹೋಗಿರುತ್ತವೆ. ಅಷ್ಟು ದಿನ ಬರಹವನ್ನು ಹಾಗೇ ಬಿಟ್ಟರೆ ಪಕ್ಕದಲ್ಲಿ ಇನ್ನೊಬ್ಬ ಬರೆದು ಹೋಗುತ್ತಾನೆ. ಹಾಗಾಗಿ ಪೊಲೀಸರು ಫೋಟೊ ತೆಗೆದು ಮಹಜರು ಮುಗಿಸಿದ ಮೇಲೆ, ಅದಕ್ಕಿಂತ ಮೊದಲಂತೂ ಅಲ್ಲ, ಗೋಡೆಯನ್ನು ಕೂಡಲೇ ಶುಚಿ ಮಾಡಿಬಿಡಬೇಕು. ಸಮುದಾಯ ಸೇವೆಯ ಆದೇಶ ಹೊತ್ತು, ಆ ಕೆಲಸ ಮಾಡಿಸುವ ನಮ್ಮಂಥವರ ಬಳಿಗೆ ಬರುವ ಹುಡುಗನಿಗೆ ಬೇರೆ ಗೋಡೆ ಕೊಡಬೇಕು. ಆ ಗೋಡೆ ಯಾವುದು ಎನ್ನುವುದರ ಮೇಲೆ ಮುಂದಿನದೆಲ್ಲ ನಿಂತಿದೆ.

ಮೊದಲು ಆದೇಶದ ಕಾಗದ ಓದಿಕೊಳ್ಳಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 4ನೇ ಕಲಂ ಸಮುದಾಯ ಸೇವೆಯನ್ನು, ಅಂದರೆ ಸಂಬಳವಿಲ್ಲದೆ ಊರಿಗಾಗಿ ಮಾಡುವ ಕೆಲಸವನ್ನು, ಒಂದು ಶಿಕ್ಷೆಯಾಗಿ ಸೇರಿಸಿದೆ. ಆದರೆ ಅದು ಬೆರಳೆಣಿಕೆಯ ಅಪರಾಧಗಳಿಗೆ ಮಾತ್ರ: ಕುಡಿದು ಸಾರ್ವಜನಿಕವಾಗಿ ಗಲಾಟೆ ಮಾಡುವುದು, ಮಾನನಷ್ಟ, ಮೊದಲ ಸಲ 5,000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತು ಕದ್ದು ಹಿಂದಿರುಗಿಸಿದ್ದು, ಇಂಥವು. ಆಸ್ತಿ ಹಾಳುಮಾಡುವುದಕ್ಕಿರುವ 324ನೇ ಕಲಮಿನಲ್ಲಿ ಸಮುದಾಯ ಸೇವೆಯ ಮಾತೇ ಇಲ್ಲ. ಅಲ್ಲಿರುವುದು ಜೈಲು ಅಥವಾ ದಂಡ ಅಥವಾ ಎರಡೂ. ಸರ್ಕಾರದ ಅಥವಾ ಸ್ಥಳೀಯ ಸಂಸ್ಥೆಯ ಆಸ್ತಿಯಾದರೆ ಜೈಲು ಒಂದು ವರ್ಷದವರೆಗೆ. ಗೋಡೆ ಗೀಚಿದ ವಯಸ್ಕನಿಗೆ ನೇರವಾಗಿ ಈ ಶಿಕ್ಷೆ ಸಿಗುತ್ತದೆ ಎಂದು ಪತ್ರಿಕೆಯಲ್ಲಿ ಓದಿ ನಂಬಿದವರು ಬಹಳ ಜನ. ಅಂಥವನು ನಮ್ಮಲ್ಲಿಗೆ ಬರುವುದು ಸಾಮಾನ್ಯವಾಗಿ ಬೇರೆ ದಾರಿಯಲ್ಲಿ. ಒಂದೋ ಕುಡಿದ ಅಮಲಿನ ಪ್ರಕರಣ 355ನೇ ಕಲಮಿನಲ್ಲಿ ದಾಖಲಾಗಿರುತ್ತದೆ, ಇಲ್ಲವೇ ಎರಡೂ ಕಡೆಯವರು ರಾಜಿಯಾದ ಮೇಲೆ ನ್ಯಾಯಾಲಯ ಹಾಕಿದ ಷರತ್ತಾಗಿರುತ್ತದೆ, ಅಥವಾ ಕಾಲೇಜಿನ ಶಿಸ್ತು ಸಮಿತಿಯ ತೀರ್ಮಾನ.

ಹದಿನೆಂಟು ತುಂಬದವರಿಗೆ ದಾರಿ ನೇರವಾಗಿದೆ. 2015ರ ಬಾಲ ನ್ಯಾಯ ಕಾಯ್ದೆಯ 18ನೇ ಕಲಮಿನಡಿ, ಒಂದು ಸಂಸ್ಥೆಯ ಅಥವಾ ಗೊತ್ತುಮಾಡಿದ ವ್ಯಕ್ತಿಯ ಮೇಲ್ವಿಚಾರಣೆಯಲ್ಲಿ ಸಮುದಾಯ ಸೇವೆ ಮಾಡು ಎಂದು ಬಾಲ ನ್ಯಾಯ ಮಂಡಳಿ ಹೇಳಬಹುದು. ಅದೇ ಕಾಯ್ದೆಯ 74ನೇ ಕಲಂ ಮಗುವಿನ ಗುರುತು ಹೊರಗೆ ಬರಬಾರದು ಎನ್ನುತ್ತದೆ. ಇದು ಕಾಗದದ ಮೇಲಿನ ಮಾತಲ್ಲ, ದಿನದಿನದ ಕೆಲಸವನ್ನು ಬದಲಿಸುವ ಮಾತು. ಹುಡುಗನ ಮನೆಯ ಬೀದಿ, ಅವನ ಶಾಲೆಯ ಎದುರು, ಟ್ಯೂಷನ್ ದಾರಿ ಬೇಡ. ಫೋಟೊದಲ್ಲಿ ಗೋಡೆ ಮಾತ್ರ ಇರಬೇಕು, ಮುಖ ಬೇಡ. ಇಂಗ್ಲೆಂಡಿನಲ್ಲಿ ಇಂಥ ಕೆಲಸಕ್ಕೆ ಬಂದವರಿಗೆ ಬೆನ್ನ ಮೇಲೆ ಬರೆದ ಕಿತ್ತಳೆ ಜಾಕೆಟ್ ಹಾಕಿಸುತ್ತಾರೆ. ಇಲ್ಲಿ ಯಾರಾದರೂ ಅದನ್ನು ಸೂಚಿಸಿದರೆ ಒಪ್ಪಬೇಡಿ. ರಸ್ತೆ ಬದಿಯ ಕೆಲಸಕ್ಕೆ ಹೊಳೆಯುವ ಜಾಕೆಟ್ ಬೇಕೇ ಬೇಕು, ಅದರ ಮೇಲೆ ಬರಹ ಬೇಕಿಲ್ಲ.

ಇನ್ನು ಗೋಡೆ. ಸಂರಕ್ಷಿತ ಸ್ಮಾರಕವನ್ನು ಪಟ್ಟಿಯಿಂದ ಮೊದಲೇ ತೆಗೆದುಹಾಕಿ. ಶ್ರೀರಂಗಪಟ್ಟಣದ ದರಿಯಾ ದೌಲತ್, ಗುಂಬಜ್, ಸೋಮನಾಥಪುರದ ಕೇಶವ ದೇವಾಲಯ ಇವೆಲ್ಲ ಕೇಂದ್ರ ಪುರಾತತ್ವ ಇಲಾಖೆಯವು. ಅಲ್ಲಿ ಹೆಸರು ಕೊರೆದವನಿಗೆ 1958ರ ಸ್ಮಾರಕ ಕಾಯ್ದೆಯ 30ನೇ ಕಲಮಿನಲ್ಲಿ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ ಅಥವಾ ಎರಡೂ ಆಗಬಹುದು. ಶುಚಿ ಮಾಡುತ್ತೇವೆಂದು ಬ್ರಷ್ ಹಿಡಿದು ಹೋದ ನಾವೂ ಅದೇ ಕಲಮಿಗೆ ಸಿಕ್ಕಿಬೀಳುವ ಸಾಧ್ಯತೆ ಇದೆ. ಸೋಮನಾಥಪುರದ್ದು ಬಳಪದ ಕಲ್ಲು, ಮೆದು ಕಲ್ಲು. ಕೊರೆದ ಹೆಸರನ್ನು ಅಳಿಸುವುದೆಂದರೆ ಅದರ ಸುತ್ತಲಿನ ಕಲ್ಲನ್ನೂ ಅಷ್ಟೇ ಆಳಕ್ಕೆ ಉಜ್ಜಿ ತೆಗೆಯುವುದು, ಅಂದರೆ ಎರಡನೇ ಸಲ ಹಾಳುಮಾಡುವುದು. ಶಾಸನ ಓದುವ ಕೇಂದ್ರ ಕಚೇರಿ ಮೈಸೂರಿನಲ್ಲೇ ಇದೆ. ಪ್ರೇಮಿಗಳ ಈ ಶಾಸನಗಳನ್ನು ಮುಂದೊಂದು ದಿನ ಅವರೇ ಓದಿಕೊಳ್ಳಲಿ. ಅಲ್ಲಿಗೆ ಹುಡುಗರನ್ನು ಕಳಿಸಲೇಬೇಕೆಂದರೆ ಇಲಾಖೆಯ ಒಪ್ಪಿಗೆ ಪಡೆದು ಆವರಣದ ಕಸ, ಕಳೆ ತೆಗೆಸಬಹುದು. ಕಲ್ಲು ಮುಟ್ಟಿಸಬಾರದು.

ಹಳೆಯ ಸುಣ್ಣದ ಗಾರೆಯ ಕಟ್ಟಡಗಳೂ ಬೇಡ. ಮೈಸೂರಿನ ದೇವರಾಜ ಮಾರುಕಟ್ಟೆಯ ಸುತ್ತಮುತ್ತ, ಕೋಟೆಯ ಆಸುಪಾಸಿನ ಹಳೆಯ ಮನೆಗಳಲ್ಲಿ ಇಂಥ ಗೋಡೆ ಹೇರಳ. ಬೆರಳಿನಿಂದ ಉಜ್ಜಿದರೆ ಪುಡಿ ಬಂದರೆ, ತಟ್ಟಿದರೆ ಡಬಡಬ ಎಂದರೆ, ಅಲ್ಲಿ ನೀರು ಹಾಕಿದರೂ ಗಾರೆ ಉದುರುತ್ತದೆ. ನಾನು ಆರಿಸುವುದು ಪೇಂಟ್ ಬಳಿದ ಸಿಮೆಂಟ್ ಕಾಂಪೌಂಡು, ಸರ್ಕಾರಿ ಶಾಲೆಯ ಹೊರಗೋಡೆ, ಬಸ್ ತಂಗುದಾಣ, ಅಂಡರ್‌ಪಾಸ್. ಉದ್ದ ಮೂವತ್ತು ಅಡಿ, ಎತ್ತರ ಏಳು ಅಡಿ ಮೀರಬಾರದು. ಏಳು ಅಡಿ ದಾಟಿದರೆ ಏಣಿ ಬೇಕು, ಏಣಿ ಬಂದರೆ ಅಪಾಯವೂ ಬರುತ್ತದೆ. ನಾಲ್ಕು ಜನ ನಾಲ್ಕು ಬೆಳಿಗ್ಗೆಗಳಲ್ಲಿ ಮುಗಿಸುವಷ್ಟು ಕೆಲಸ ಅದು. ಕಣ್ಣೆದುರಿಗೆ ಮುಗಿಯುವ ಕೆಲಸ ಕೊಡದಿದ್ದರೆ ಎರಡನೇ ವಾರವೇ ಹಾಜರಿ ಕುಸಿಯುತ್ತದೆ. ಗೋಡೆಯ ಒಡೆಯರಿಂದ ಒಪ್ಪಿಗೆ ಬರಹದಲ್ಲೇ ಇರಲಿ. ಪಾಲಿಕೆಯ ಗೋಡೆಯಾದರೆ ವಲಯ ಕಚೇರಿಯಿಂದ. ಪೇಂಟಿನ ಖರ್ಚು ಯಾರದು ಎಂಬುದೂ ಅದೇ ಪತ್ರದಲ್ಲಿ ಇತ್ಯರ್ಥವಾಗಲಿ.

ನಮ್ಮ ಕಡೆ ಗೋಡೆ ಕೆಡಿಸುವುದರಲ್ಲಿ ಸ್ಪ್ರೇ ಪೇಂಟಿಗಿಂತ ಪೋಸ್ಟರಿನ ಪಾಲು ದೊಡ್ಡದು. ಮೈದಾ ಗೋಂದಿನಲ್ಲಿ ಒಂದರ ಮೇಲೊಂದು ಅಂಟಿಸಿದ ಪದರಗಳು. ಒಣಗಿದ್ದನ್ನು ಕೆರೆದರೆ ಕೆಳಗಿನ ಪೇಂಟೂ ಸಿಪ್ಪೆಯಾಗಿ ಏಳುತ್ತದೆ. ಬಿಸಿನೀರಿಗೆ ಸ್ವಲ್ಪ ಸೋಪಿನ ಪುಡಿ ಹಾಕಿ, ಬ್ಲೇಡಿನ ಮೂಲೆಯಿಂದ ಕಾಗದದ ಮೇಲೆ ಅಡ್ಡಡ್ಡ ಗೀರಿ, ಪೂರ್ತಿ ನೆನೆಸಿ, ಹದಿನೈದು ನಿಮಿಷ ಬಿಟ್ಟು, ಮತ್ತೊಮ್ಮೆ ನೆನೆಸಿ. ಆಮೇಲೆ ನಾಲ್ಕು ಇಂಚಿನ ಪುಟ್ಟಿ ಬ್ಲೇಡನ್ನು ಗೋಡೆಗೆ ಮಲಗಿಸಿ ಹಿಡಿದು ತಳ್ಳಿದರೆ ಹಾಳೆಹಾಳೆಯಾಗಿ ಬರುತ್ತದೆ. ಉಳಿದ ಗೋಂದನ್ನು ತೊಳೆಯದೆ ಪೇಂಟ್ ಬಳಿದರೆ ಮಳೆಗಾಲದಲ್ಲಿ ಅಲ್ಲೇ ಬೂಸ್ಟು ಹಿಡಿಯುತ್ತದೆ. ಒದ್ದೆ ಅಂಗೈಗೆ ಗೋಡೆ ಜಾರಿದಂತೆ ಅನಿಸಿದರೆ ಗೋಂದು ಇನ್ನೂ ಇದೆ ಎಂದೇ ಲೆಕ್ಕ.

ಅರಿಸಿನದ ಕಲೆಗೆ ಸೋಪು ತಾಗಿದ ಕೂಡಲೇ ಕೆಂಪಾಗುತ್ತದೆ. ಹುಡುಗರು ಗಾಬರಿಯಾಗಿ ಇನ್ನೂ ಉಜ್ಜುತ್ತಾರೆ. ಸೋಪಿನ ಕ್ಷಾರಕ್ಕೆ ಅರಿಸಿನ ಬಣ್ಣ ಬದಲಿಸುವುದು ಸಹಜ. ಬರೀ ನೀರಲ್ಲಿ ತೊಳೆದು ಬಿಟ್ಟರೆ ಬಿಸಿಲಿಗೆ ತಾನೇ ಮಾಸುತ್ತದೆ. ವೈಟ್ನರ್ ಪೆನ್ನಿನ ಬರಹವನ್ನು ಒಣಗಿದ ಮೇಲೆ ಪ್ಲಾಸ್ಟಿಕ್ ಪಟ್ಟಿಯಿಂದ ಎಬ್ಬಿಸಬಹುದು. ಟೈಲ್ಸ್ ಮೇಲಿನ ಮಾರ್ಕರ್‌ಗೆ ಹತ್ತಿಯಲ್ಲಿ ಅದ್ದಿದ ಸ್ಪಿರಿಟ್ ಸಾಕು. ರಸ್ತೆಯ ಸೂಚನಾ ಫಲಕಕ್ಕೆ ಮಾತ್ರ ಥಿನ್ನರ್ ಮುಟ್ಟಿಸಲೇಬಾರದು. ಅದರ ಮೇಲಿನ ಹೊಳೆಯುವ ಹಾಳೆ ಕರಗುತ್ತದೆ, ರಾತ್ರಿ ವಾಹನದ ಬೆಳಕಿಗೆ ಫಲಕವೇ ಕಾಣದಂತಾಗುತ್ತದೆ. ಬರಹ ಇದ್ದದ್ದಕ್ಕಿಂತ ಇದು ಕೆಟ್ಟದ್ದು.

ಬರಿಯ ಗ್ರಾನೈಟಿನ ಮೇಲಿನ ಸ್ಪ್ರೇ ಪೇಂಟಿಗೆ ಸಮಯ ಬೇಕು, ಅದು ಹುಡುಗರ ಕೆಲಸವೂ ಅಲ್ಲ. ಹದಿನೆಂಟು ತುಂಬದವರ ಕೈಗೆ ಥಿನ್ನರ್, ಪೇಂಟ್ ಕಿತ್ತು ತೆಗೆಯುವ ರಿಮೂವರ್, ಆಸಿಡ್ ಯಾವುದನ್ನೂ ಕೊಡಬಾರದು. ಮೇಸ್ತ್ರಿ ಮಾಡಲಿ, ಅವರು ದೂರದಿಂದ ನೋಡಲಿ. ಥಿನ್ನರನ್ನು ಬಟ್ಟೆಗೆ ಹಾಕಿ ಉಜ್ಜಿದರೆ ಬಣ್ಣ ತೆಳುವಾಗಿ ಕಲ್ಲಿನ ಒಳಕ್ಕೆ ಇಳಿದು ಮೋಡದಂಥ ಕಲೆ ಶಾಶ್ವತವಾಗಿ ನಿಲ್ಲುತ್ತದೆ. ಬಣ್ಣವನ್ನು ಹೊರಕ್ಕೆ ಎಳೆಯಬೇಕು, ಒಳಕ್ಕೆ ತಳ್ಳಬಾರದು. ಬೆಂಜೈಲ್ ಆಲ್ಕೋಹಾಲ್ ಇರುವ ರಿಮೂವರನ್ನು ಚೀನಾ ಕ್ಲೇ ಅಥವಾ ಮುಲ್ತಾನಿ ಮಿಟ್ಟಿಯ ಜೊತೆ ಕಲಸಿ, ರಾಗಿ ಮುದ್ದೆಗಿಂತ ತುಸು ಸಡಿಲವಾದ ಹದಕ್ಕೆ ತನ್ನಿ. ಬರಹಕ್ಕಿಂತ ಎರಡು ಇಂಚು ಆಚೆಗೂ ಸೇರಿಸಿ ಅರ್ಧ ಸೆಂಟಿಮೀಟರ್ ದಪ್ಪ ಮೆತ್ತಿ. ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಅಂಚಿಗೆ ಟೇಪ್ ಹಾಕಿ ಒಂದು ರಾತ್ರಿ ಬಿಡಿ. ಮರುದಿನ ಹಾಳೆ ತೆಗೆದು, ಲೇಪ ಒಣಗಿ ಬಿರುಕು ಬಿಡುವವರೆಗೆ ಕಾದು, ಮರದ ಪಟ್ಟಿಯಿಂದ ಕೆರೆದು ತೆಗೆದು ತೊಳೆಯಿರಿ. ಒಂದೇ ಸಲಕ್ಕೆ ಹೋಗುವುದಿಲ್ಲ. ಎರಡು, ಮೂರು ಸಲವೂ ಬೇಕಾಗಬಹುದು. ಶುರುಮಾಡುವ ಮುನ್ನ ಮೂಲೆಯಲ್ಲಿ ಅಂಗೈಯಗಲ ಜಾಗದಲ್ಲಿ ಪರೀಕ್ಷೆ ಮಾಡಿ. ಬರಹದ ಕೆಳಗಿನ ಭಾಗವನ್ನು ನೀರಿನಿಂದ ಚೆನ್ನಾಗಿ ನೆನೆಸಿಡಿ, ಇಲ್ಲದಿದ್ದರೆ ಕರಗಿದ ಬಣ್ಣ ಇಳಿದು ಒಣಕಲ್ಲಿನಲ್ಲಿ ಗೆರೆಗೆರೆಯಾಗಿ ಕೂರುತ್ತದೆ.

ಅಂಗಡಿಯಲ್ಲಿ ಕೊಡುವ ಕೆಲವು ರಿಮೂವರ್ ಡಬ್ಬಿಗಳಲ್ಲಿ ಮಿಥಿಲೀನ್ ಕ್ಲೋರೈಡ್ ಇರುತ್ತದೆ. ಕೆಲಸ ಬೇಗ ಆಗುತ್ತದೆ ನಿಜ, ಅದರ ಹೊಗೆ ಮಾತ್ರ ಅಪಾಯಕಾರಿ, ಸಾಮಾನ್ಯ ಕೈಗವಸನ್ನೂ ದಾಟಿ ಬರುತ್ತದೆ. ಅಂಡರ್‌ಪಾಸಿನಂಥ ಜಾಗದಲ್ಲಿ ಅದು ಬೇಡವೇ ಬೇಡ. ಟಾಯ್ಲೆಟ್ ಆಸಿಡ್ ಹಾಕಿದರೆ ಗ್ರಾನೈಟಿನ ಒಳಗಿನ ಕಬ್ಬಿಣದ ಅಂಶ ಹಳದಿ ಕಲೆಯಾಗಿ ಏಳುತ್ತದೆ, ಸಿಮೆಂಟ್ ಸಂದು ತಿಂದುಹೋಗುತ್ತದೆ. ತಂತಿ ಬ್ರಷ್‌ನ ಚೂರು ಕಲ್ಲಿನಲ್ಲಿ ಸಿಕ್ಕಿಕೊಂಡು ಮೊದಲ ಮಳೆಗೆ ತುಕ್ಕಿನ ಚುಕ್ಕಿಯಾಗುತ್ತದೆ. ನೈಲಾನ್ ಬ್ರಷ್ ಅಥವಾ ತೆಂಗಿನ ನಾರು ಸಾಕು. ಕಾರು ತೊಳೆಯುವ ಮೆಷಿನ್ ತರುತ್ತೇನೆ ಎನ್ನುವ ಉತ್ಸಾಹಿ ಪ್ರತಿ ತಂಡದಲ್ಲೂ ಒಬ್ಬ ಇರುತ್ತಾನೆ. ಅದರ ರಭಸಕ್ಕೆ ಗಾರೆಯ ಸಂದು ಕಿತ್ತುಬರುತ್ತದೆ ಎಂದು ಅವನಿಗೆ ಮೊದಲೇ ಹೇಳಿಬಿಡಿ.

ಪೇಂಟ್ ಬಳಿದ ಸಿಮೆಂಟ್ ಗೋಡೆಗೆ ಇಷ್ಟೆಲ್ಲ ಇಲ್ಲ. ತೊಳೆದು ಮೇಲೆ ಬಳಿಯುವುದೇ ದಾರಿ. ಅಲ್ಲಿ ಎಲ್ಲರೂ ಬೀಳುವ ಗುಂಡಿ ಒಂದಿದೆ: ಮಾರ್ಕರ್ ಅಥವಾ ಕೆಂಪು ಸ್ಪ್ರೇ ಮೇಲೆ ನೇರವಾಗಿ ಬಿಳಿ ಎಮಲ್ಷನ್ (ನೀರು ಬೆರೆಸಿ ಬಳಿಯುವ ಪೇಂಟ್) ಬಳಿದರೆ ಮಾರನೇ ದಿನ ಬರಹ ಗುಲಾಬಿ ಬಣ್ಣದಲ್ಲಿ ಮೇಲೆದ್ದು ಬರುತ್ತದೆ. ಮೂರು ಕೋಟ್ ಕೊಟ್ಟರೂ ಬರುತ್ತದೆ. ಬರಹದ ಮೇಲೆ ಮೊದಲು ಆಯಿಲ್ ಪ್ರೈಮರ್ ಒಂದು ಕೋಟ್ ಹಾಕಿ (ಇದನ್ನೂ ಮೇಸ್ತ್ರಿಯೇ ಹಾಕಲಿ), ರಾತ್ರಿಯಿಡೀ ಒಣಗಲು ಬಿಟ್ಟು, 120 ನಂಬರಿನ ಎಮರಿ ಪೇಪರ್‌ನಲ್ಲಿ ಹಗುರವಾಗಿ ಉಜ್ಜಿ, ಆಮೇಲೆ ಎಮಲ್ಷನ್ ಎರಡು ಕೋಟ್. ಎರಡು ಕೋಟಿನ ನಡುವೆ ನಾಲ್ಕು ಗಂಟೆ ಅಂತರ ಬೇಕು; ಅಂದರೆ ಒಂದು ಬೆಳಿಗ್ಗೆ ಒಂದೇ ಕೋಟ್. ಹೊರಗೋಡೆಯ ಎಮಲ್ಷನ್ ಒಂದು ಲೀಟರ್ ಎರಡು ಕೋಟಿಗೆ 50ರಿಂದ 60 ಚದರ ಅಡಿ ಬರುತ್ತದೆ. ಮೂವತ್ತು ಅಡಿ ಉದ್ದ, ಏಳು ಅಡಿ ಎತ್ತರಕ್ಕೆ ನಾಲ್ಕು ಲೀಟರ್ ಲೆಕ್ಕ, ಒರಟು ಗೋಡೆಯಾದರೆ ಐದು. ಬರಹ ಇದ್ದಷ್ಟೇ ಜಾಗಕ್ಕೆ ಬಳಿದು ತೇಪೆ ಹಾಕಬೇಡಿ. ಆ ಚೌಕವೇ ಹೊಸದಾಗಿ ಗೀಚುವವನಿಗೆ ಹಲಗೆಯಾಗುತ್ತದೆ. ಒಂದು ಕಂಬದಿಂದ ಇನ್ನೊಂದು ಕಂಬದವರೆಗೆ ಪೂರ್ತಿ ಬಳಿಯಬೇಕು.

ತೊಳೆದ ಗೋಡೆ ಬಿಸಿಲಿನ ದಿನದಲ್ಲಾದರೂ ಒಂದು ಪೂರ್ತಿ ದಿನ ಒಣಗಬೇಕು. ಹಸಿ ಗೋಡೆಗೆ ಬಳಿದದ್ದು ಗುಳ್ಳೆ ಎದ್ದು ಉದುರುತ್ತದೆ. ಮೇ ತಿಂಗಳ ಸಂಜೆ ಮಳೆ, ಆಮೇಲೆ ಜೂನ್‌ನಿಂದ ಅಕ್ಟೋಬರ್‌ವರೆಗಿನ ಮೋಡ ನೋಡಿಕೊಂಡು ದಿನ ಹಾಕಿ. ಬೆಳಿಗ್ಗೆ ಏಳರಿಂದ ಹತ್ತು ಒಳ್ಳೆಯ ಹೊತ್ತು. ಕಾದ ಗೋಡೆಗೆ ಬಳಿದರೆ ರೋಲರ್ ಗುರುತು ಎದ್ದು ಕಾಣುತ್ತದೆ.

ಜನರ ವಿಷಯಕ್ಕೆ ಬಂದರೆ, ಒಬ್ಬ ಮೇಲ್ವಿಚಾರಕನಿಗೆ ನಾಲ್ಕು ಜನಕ್ಕಿಂತ ಹೆಚ್ಚು ಬೇಡ. ಒಂದೇ ಗುಂಪಿನ ಗೆಳೆಯರು ಬಂದರೆ ಬೇರೆ ಬೇರೆ ವಾರ ಹಾಕಿ. ಹುಡುಗನ ಬದಲು ಅಪ್ಪ ಬರುತ್ತಾರೆ, ಕೆಲವೊಮ್ಮೆ ಮನೆಕೆಲಸದವರನ್ನು ಕಳಿಸುತ್ತಾರೆ. “ಪೇಂಟಿನ ದುಡ್ಡು ಪೂರ್ತಿ ಕೊಡ್ತೀವಿ ಸಾರ್, ಪರೀಕ್ಷೆ ಹತ್ರ ಇದೆ, ಬಿಟ್ಬಿಡಿ” ಎನ್ನುತ್ತಾರೆ. ಅದಕ್ಕೆ ಉತ್ತರ ಒಂದೇ: ಗಂಟೆ ಕಡಿಮೆ ಮಾಡುವ ಅಧಿಕಾರ ನಮಗಿಲ್ಲ, ಮಂಡಳಿಗೆ ಅರ್ಜಿ ಕೊಡಿ. ಪರೀಕ್ಷೆಯ ದಿನಗಳನ್ನು ಮಾತ್ರ ಮೊದಲೇ ಕೇಳಿಕೊಂಡು ಬಿಡುವು ಕೊಡಬೇಕು, ಅದು ಸರಿಯಾದ ಬೇಡಿಕೆ.

ಎಷ್ಟು ಗಂಟೆ ಎಂದು ನ್ಯಾಯ ಸಂಹಿತೆಯಲ್ಲಿ ಬರೆದಿಲ್ಲ, ಆದೇಶದಲ್ಲಿ ಇರಬೇಕು. “ಸಮುದಾಯ ಸೇವೆ ಮಾಡತಕ್ಕದ್ದು” ಎಂದಷ್ಟೇ ಇದ್ದರೆ ಕೆಲಸ ಶುರುಮಾಡದೆ ಲಿಖಿತ ಸ್ಪಷ್ಟನೆ ಕೇಳಿ. ರಿಜಿಸ್ಟರಿನಲ್ಲಿ ಬಂದ ಹೊತ್ತು, ಹೋದ ಹೊತ್ತು, ಮಾಡಿದ ಕೆಲಸ, ಇಬ್ಬರ ಸಹಿ ಇರಲಿ, ಅದೇ ದಿನ ಬರೆಯಿರಿ. ಹೆಸರಿನ ಬದಲು ಸಂಖ್ಯೆ ಇರಲಿ. ಹೆಸರಿನ ಪಟ್ಟಿ ಬೀಗದ ಬೀರುವಿನಲ್ಲಿರಲಿ. ಕಾಫಿಯ ಹದಿನೈದು ನಿಮಿಷ ಲೆಕ್ಕಕ್ಕೆ ಸೇರುತ್ತದೆ, ತಡವಾಗಿ ಬಂದದ್ದು ಸೇರುವುದಿಲ್ಲ ಎಂಬುದನ್ನು ಮೊದಲ ದಿನವೇ ಹೇಳಿ. ಮಳೆ ಬಂದು ನಿಂತರೆ ಏನು ಎಂಬುದನ್ನೂ ಪರಿವೀಕ್ಷಣಾಧಿಕಾರಿಯ (ಪ್ರೊಬೇಷನ್ ಆಫೀಸರ್) ಜೊತೆ ಮೊದಲೇ ಮಾತಾಡಿಕೊಳ್ಳಿ. ಬ್ರಷ್ ತೊಳೆಯುವುದು, ಪೇಂಟ್ ಸೋಸುವುದು, ಡಬ್ಬಿಗೆ ಚೀಟಿ ಅಂಟಿಸುವುದು ಎಂದು ಒಳಗಿನ ಕೆಲಸ ಹೇಗೂ ಇರುತ್ತದೆ. ಗೈರಾದರೆ ಅದೇ ಸಂಜೆ ಅಧಿಕಾರಿಗೆ ತಿಳಿಸಿ. ಮೂರು ವಾರದ ಗೈರನ್ನು ಒಟ್ಟಿಗೆ ವರದಿ ಮಾಡಿದರೆ ಮಂಡಳಿ ಮೊದಲು ಪ್ರಶ್ನಿಸುವುದು ನಮ್ಮನ್ನೇ. ಕೊನೆಯ ವರದಿ ಚಿಕ್ಕದಾಗಿರಲಿ: ಗಂಟೆ, ಕೆಲಸ, ಗೋಡೆಯ ಮುಂಚಿನ ಮತ್ತು ನಂತರದ ಫೋಟೊ. ಹುಡುಗ ಬದಲಾದನೋ ಇಲ್ಲವೋ ಎಂಬ ಪ್ರಮಾಣಪತ್ರ ನಾವು ಬರೆಯುವಂಥದ್ದಲ್ಲ.

ಎಮಲ್ಷನ್ ತೊಳೆದ ನೀರನ್ನು ಚರಂಡಿಗೆ ಬಿಡದೆ ಬಕೆಟ್ಟಿನಲ್ಲಿ ಕೂರಿಸಿ, ಕೆಳಗೆ ನಿಂತದ್ದನ್ನು ಒಣಗಿಸಿ ಕಸಕ್ಕೆ ಹಾಕಿ. ಉಳಿದ ಪೇಂಟಿನಲ್ಲಿ ಅರ್ಧ ಲೀಟರನ್ನು ಬಿಗಿಯಾದ ಡಬ್ಬಿಯಲ್ಲಿ ತೆಗೆದಿಟ್ಟು, ಶೇಡ್ ನಂಬರ್, ತಾರೀಖು, ಯಾವ ಗೋಡೆ ಎಂದು ಬರೆದಿಡಿ. ಹೊಸ ಗೋಡೆಯ ಮೇಲೆ ಅದೇ ವಾರ ಯಾರೋ ಮತ್ತೆ ಗೀಚುವುದುಂಟು. ಆಗ ಆ ಡಬ್ಬಿ ತೆಗೆದು ಅದೇ ದಿನ ನಾವೇ ಬಳಿದುಬಿಡುತ್ತೇವೆ. ಗಂಟೆ ಮುಗಿಸಿ ಹೋದ ಹುಡುಗನನ್ನು ಅದಕ್ಕಾಗಿ ಮತ್ತೆ ಕರೆಯುವಂತಿಲ್ಲ.