ಅರಸರ ಹಳೇ ಒಡವೆಯ ಹರಳುಗಳನ್ನು ಓದುವುದು ಹೇಗೆ?

ಮ್ಯೂಸಿಯಂನಲ್ಲೋ ಫೋಟೋದಲ್ಲೋ ಅರಸರ ಒಡವೆ ಕಂಡ ಕೂಡಲೇ ಎಷ್ಟು ಕ್ಯಾರೆಟ್, ಎಷ್ಟು ಕೋಟಿ ಅಂತ ಲೆಕ್ಕಕ್ಕೆ ಇಳಿಯಬೇಡಿ. ಮೊದಲು ಬಣ್ಣ ನೋಡಿ. ಹಿಂದಿನವರು ಹರಳನ್ನು ಬಹುಪಾಲು ಬಣ್ಣದಿಂದಲೇ ಗುರುತಿಸುತ್ತಿದ್ದರು, ಅರ್ಥವನ್ನೂ ಅದಕ್ಕೇ ಕೊಡುತ್ತಿದ್ದರು. ಬ್ರಿಟನ್ನಿನ ಇಂಪೀರಿಯಲ್ ಸ್ಟೇಟ್ ಕಿರೀಟದ ಮುಂಭಾಗದಲ್ಲಿರುವ 'ಬ್ಲ್ಯಾಕ್ ಪ್ರಿನ್ಸ್ ರೂಬಿ' ಮಾಣಿಕ್ಯವೇ ಅಲ್ಲ, ನೋಡಲು ಹಾಗೇ ಕೆಂಪಗಿರುವ ಸ್ಪಿನೆಲ್ ಎಂಬ ಬೇರೆ ಹರಳು. ಗೊತ್ತಾದ ಮೇಲೂ ಅದನ್ನು ಅಲ್ಲಿಂದ ಕದಲಿಸಿಲ್ಲ.

ಆಮೇಲೆ ತೂತು, ಅಕ್ಷರ ಹುಡುಕಿ. ನನಗೆ ತುಂಬಾ ಇಷ್ಟವಾದ ಕೆಲಸ ಇದೇ. ಅದೇ ಕೆಂಪು ಹರಳಿನ ಮೇಲ್ತುದಿಯಲ್ಲಿ ಹಳೇ ತೂತೊಂದಿದೆ, ಅದಕ್ಕೆ ಪುಟ್ಟ ಮಾಣಿಕ್ಯ ಕೂರಿಸಿ ಮುಚ್ಚಿದ್ದಾರೆ. ಅಂದರೆ ಕಿರೀಟಕ್ಕೆ ಬರುವ ಮೊದಲು ಯಾರೋ ಅದನ್ನು ಪೋಣಿಸಿ ತೊಟ್ಟಿದ್ದರು. 'ತಿಮೂರ್ ರೂಬಿ'ಯೂ ಸ್ಪಿನೆಲ್ಲೇ, ಅದರ ಮೈಮೇಲೆ ಜಹಾಂಗೀರ್, ಷಹಜಹಾನ್, ನಾದಿರ್ ಷಾ ಹೆಸರುಗಳನ್ನು ಕೊರೆದಿದ್ದಾರೆ. ಕೈ ಬದಲಾದ ಹಾಗೆಲ್ಲ ಹೊಸ ಹೆಸರು ಸೇರುತ್ತಾ ಹೋಗಿದೆ.

ಹರಳನ್ನು ಹೇಗೆ ಕತ್ತರಿಸಿದ್ದಾರೆ ಅನ್ನುವುದೂ ಮುಖ್ಯ. ಮೊಘಲರಿಗೆ ಗಾತ್ರ ಉಳಿಯಬೇಕಿತ್ತು, ಯುರೋಪಿನವರಿಗೆ ಹೊಳಪು ಬೇಕಿತ್ತು. 186 ಕ್ಯಾರೆಟ್ ಇದ್ದ ಕೊಹಿನೂರನ್ನು 1852ರಲ್ಲಿ ಲಂಡನ್ನಿನಲ್ಲಿ ಮತ್ತೆ ಕತ್ತರಿಸಿ ಸುಮಾರು 105.6ಕ್ಕೆ ಇಳಿಸಿದ್ದು ಈ ಹೊಳಪಿನ ಆಸೆಗೇ. ಹೊಟ್ಟೆ ಉರಿಯುತ್ತದೆ, ಅಲ್ವಾ?

ನವರತ್ನದ ಪದಕವಾದರೆ ನಡುವೆ ಏನಿದೆ ನೋಡಿ. ಸಾಮಾನ್ಯವಾಗಿ ಸೂರ್ಯನ ಮಾಣಿಕ್ಯ ಇರುತ್ತದೆ. ಸುತ್ತ ಚಂದ್ರನ ಮುತ್ತು, ಮಂಗಳನ ಹವಳ, ಬುಧನ ಪಚ್ಚೆ, ಗುರುವಿನ ಪುಷ್ಯರಾಗ, ಶುಕ್ರನ ವಜ್ರ, ಶನಿಯ ನೀಲ, ರಾಹುವಿನ ಗೋಮೇಧಿಕ, ಕೇತುವಿನ ವೈಡೂರ್ಯ.

ಆದರೆ ಪಟ್ಟಿ ನೋಡಿ ಸುಮ್ನೆ ಅರ್ಥ ಹಚ್ಚಬೇಡಿ, ಯಾರು ಯಾಕೆ ತೊಟ್ಟರು ಅಂತ ಕೇಳಿ. ಜಹಾಂಗೀರ್ 1614ರಲ್ಲಿ ಕಾಯಿಲೆಯಿಂದ ಎದ್ದ ಮೇಲೆ ಕಿವಿ ಚುಚ್ಚಿಸಿಕೊಂಡು ಮುತ್ತು ಹಾಕಿಕೊಂಡ. ಅಲ್ಲಿ ಮುತ್ತು ಚಂದ್ರನದ್ದಲ್ಲ, ತಾನು ಅಜ್ಮೀರದ ಸೂಫಿ ಸಂತ ಖ್ವಾಜಾ ಮುಯಿನುದ್ದೀನ್ ಚಿಷ್ತಿಯ ಸೇವಕ ಎಂಬ ಗುರುತು. ಹುಟ್ಟಿದ ತಿಂಗಳ ಹರಳಿನ ಈಗಿನ ಪಟ್ಟಿಯನ್ನಂತೂ ತರಲೇಬೇಡಿ, ಅದನ್ನು ಅಮೆರಿಕದ ಆಭರಣ ವ್ಯಾಪಾರಿಗಳ ಸಂಘ ಗೊತ್ತುಮಾಡಿದ್ದು 1912ರಲ್ಲಿ.

ಕೊನೆಗೆ ಹಿಂಬದಿಯ ಫೋಟೋ ಸಿಗುತ್ತದಾ ನೋಡಿ. ಮೊಘಲ್ ಒಡವೆಗಳಲ್ಲಿ ಮುಂದೆ ಹರಳಿದ್ದರೆ ಹಿಂದೆ ಎಷ್ಟೋ ಸಲ ಹೂಬಳ್ಳಿಯ ಮೀನಾಕಾರಿ, ಅಂದರೆ ಬಣ್ಣದ ಎನಾಮೆಲ್ ಕೆಲಸ, ಇರುತ್ತದೆ. ಹರಳಿನ ಸುತ್ತ ಅಪರಂಜಿ ಚಿನ್ನದ ತೆಳು ಹಾಳೆ ಒತ್ತಿ ಕೂರಿಸುವ ಕುಂದಣ ಕೆಲಸದಲ್ಲಿ ಹರಳಿನ ಅಡಿಗೆ ಹೊಳೆಯುವ ತಗಡು ಇಡುತ್ತಿದ್ದರು, ಹಾಗಾಗಿ ನಿಮಗೆ ಕಾಣುವ ಬಣ್ಣದಲ್ಲಿ ತಗಡಿನ ಪಾಲೂ ಇರಬಹುದು.